ಕೈಸೆರೆ

ರಾತ್ರಿ ಪಾಳಿ. ಹೊರಗೆ ಬೋರಾ ಗಾಳಿ
ಸುಣ್ಣಕಲ್ಲಿನ ದಿಣ್ಣೆಯಿಂದ ಕಸದ ಡಬ್ಬಿಗಳನ್ನು ಉರುಳಿಸುತ್ತಾ
ತ್ರಿಯೆಸ್ತೆಯ ಕಡೆಗೆ ಇಳಿಯುತ್ತಿದೆ.
ಒಳಗೆ ನಾನು, ನಿವೆಸ್, ಬೆಳಕಿನ ಗಾಣದ ಕಾವಲುಗಾರ್ತಿ:
ಎಲೆಕ್ಟ್ರಾನುಗಳು ಸುತ್ತುತ್ತವೆ, ಸುತ್ತುತ್ತಲೇ ಇರುತ್ತವೆ,
ತಿರುವು ತಿರುವಿಗೂ ಒಂದಿಷ್ಟು ಬೆಳಕು ಹಿಂಡಿಕೊಡುತ್ತವೆ.

ನೂಲಿನೆಳೆಯ ಕುಣಿಕೆಯಲ್ಲಿ ಈ ಹೊತ್ತು ಸಿಕ್ಕಿಸಿದ್ದು
ಸಾಸಿವೆಗಿಂತ ಎಷ್ಟೋ ಸಣ್ಣ ಹರಳು.
ಬಣ್ಣವಿರಬಾರದಿತ್ತು ಅದಕ್ಕೆ.
ದಾಳಿಂಬೆ ತೊಳೆದ ನೀರಿನಷ್ಟು ಕೆಂಪಿದೆ.

ಆ ಕೆಂಪು ನನಗೆ ಗೊತ್ತು.
ಕತ್ತಿನಾರಾ ಗುಡ್ಡದ ಆಸ್ಪತ್ರೆಯಲ್ಲಿ, ಮೂರು ವಾರಕ್ಕೊಮ್ಮೆ,
ಅಕ್ಕ ಒಂದಿನಾಳ ತೋಳಿಗೆ ಇಳಿಯುವುದು ಅದೇ.
"ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ" ಎಂದಿದ್ದಳು ನರ್ಸ್.
"ನಿನ್ನೆಯ ತೆರಾನೋ ವೈನೆಂದುಕೊಳ್ಳುತ್ತೇನೆ ಬಿಡಿ" ಎಂದಿದ್ದಳು ಅಕ್ಕ.

ಇದೇ ಕಡಲಿನ ಕೆಳದಂಡೆಯಲ್ಲಿ, ಪೂಲಿಯಾದಲ್ಲಿ,
ಎಂಟು ಮೂಲೆಯ ಹಳೇ ಕೋಟೆಯ ಹತ್ತಿರ
ಯಾರೋ ಒಂದಿಷ್ಟು ಮಣ್ಣು ಕೆರೆದು ಒಯ್ದರಂತೆ.
ಮಣ್ಣಲ್ಲಿ ಒಂದು ಜೀವಾಣು, ಅದರೊಳಗೆ ಈ ಕೆಂಪು.
ಕಡಲಿನ ಹೆಸರನ್ನೇ ಇಟ್ಟರು ಮದ್ದಿಗೆ.
ಕೆಲಸವೂ ಸರಳ: ಕೋಶದ ಒಳಮನೆಗೆ ಹೋಗು,
ಡಿಎನ್ಎ ಏಣಿಯ ಮೆಟ್ಟಿಲುಗಳ ನಡುವೆ ತೂರಿಕೋ,
ಯಾರೂ ಹತ್ತದಂತೆ ಮಾಡು.

ಹೋಗುತ್ತದೆ. ಹೊಸಿಲಲ್ಲಿ ಒಂದು ಕೈ.

ಇದು ನನ್ನ ಉಪಮೆಯಲ್ಲ. ಪಠ್ಯದಲ್ಲೂ ಅದನ್ನು ಕೈ ಎಂದೇ ಕರೆಯುತ್ತಾರೆ,
ಚಾಚಿದ ಹೆಬ್ಬೆರಳು, ತೋರುಬೆರಳು, ನಡುವೆ ಒಂದು ಗುಳಿ.
ಸುಣ್ಣದ ಒಂದು ಕಣ ಬಂದು ಕೂತಿತೋ, ಬೆರಳು ಬಿಚ್ಚುತ್ತದೆ.
ಸಾರ್ಸಿನ್ ಅಂತ ಹೆಸರು. ಹೊರಗಿನದಲ್ಲ, ಮನೆಯದೇ ಆಳು.
ಎದೆಯಲ್ಲಿ ಅದಕ್ಕೆ ಬೇರೆ ನೌಕರಿ:
ಬಡಿತಕ್ಕೂ ಬಡಿತಕ್ಕೂ ನಡುವೆ ಸುಣ್ಣದ ತೂಬು ಮುಚ್ಚುವುದು,
ಅಕ್ಕ ಹುಟ್ಟಿದಾಗಿನಿಂದ, ಒಂದು ದಿನವೂ ರಜೆಯಿಲ್ಲದೆ.

ಗೆಡ್ಡೆಯಲ್ಲಿ ಮಾತ್ರ ಅದು ಗುಂಪುಗಟ್ಟಿದೆ.
ಎಲ್ಲಿ ನೋಡಿದರೂ ಕೈ.
ಮದ್ದನ್ನು ಹಿಡಿದು, ಅಂಗೈ ಮುಚ್ಚಿ,
ಒಳಗೂ ಬಿಡದೆ ಕೊಂದೂ ಹಾಕದೆ
ಬರೀ ಹಿಡಿದುಕೊಂಡು.
ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ;
ಬೆಣ್ಣೆ ಯಾರಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಪರದೆಯ ಮೇಲೆ ಚುಕ್ಕಿಗಳು ಬೀಳತೊಡಗುತ್ತವೆ.
ಸಾವಿರದೆಂಟುನೂರು ಚಿತ್ರ.
ಬೆಳಗಿನ ಜಾವ ನಾಲ್ಕಕ್ಕೆ ನೀಲಿ ಬಲೆಯೊಂದು ಮೂಡುತ್ತದೆ,
ಬಲೆಯಲ್ಲಿ ಕೈ, ಕೈಯ ಮಡಿಕೆಯಲ್ಲಿ ಲೆಕ್ಕಕ್ಕೆ ಸಿಗದ ಒಂದು ಉಬ್ಬು,
ನಾಲ್ಕು ಉಂಗುರ ಅಂಟಿಕೊಂಡ ಚಪ್ಪಟೆ ಹಲಗೆ.
"ಅದೇ" ಎಂದೆ ಗಟ್ಟಿಯಾಗಿ.
ಕೇಳಲು ನೈಟ್ರೋಜನ್ನಿನ ಹಬೆ ಬಿಟ್ಟರೆ ಯಾರೂ ಇರಲಿಲ್ಲ.

ಆ ಕೈ ಕತ್ತರಿಸುವಂತಿಲ್ಲ. ಎದೆಯಿದೆ.
ಹರಳು ಕಳಿಸಿದ ರೋಮಿನವರು ಬರೆದಿದ್ದಾರೆ:
ಅದಕ್ಕೆ ಹಿಡಿದು ಕೂರಲು ಬೇರೇನಾದರೂ ಕೊಡೋಣ,
ಅಷ್ಟರಲ್ಲಿ ಮದ್ದು ನುಸುಳಿಕೊಳ್ಳಲಿ.
ಹತ್ತು ವರ್ಷವಾಗಬಹುದು, ಹದಿನೈದಾಗಬಹುದು.
ಅಕ್ಕನ ಮುಂದಿನ ಡೋಸು ಗುರುವಾರ.

ಪಾಳಿ ಮುಗಿಸಿ ಬಂದರಿಗೆ ಇಳಿದೆ.
ಬೇಡವೆಂದರೂ ಅವಳು ಗೋದಾಮಿಗೆ ಬರುತ್ತಾಳೆ,
ಬೋಳುತಲೆಗೆ ಉಣ್ಣೆ ಟೊಪ್ಪಿ, ಕಪ್ಪಾದ ಉಗುರು,
ಹಲಗೆಯ ಮೇಲೆ ಹಸಿ ಕಾಫಿಬೀಜ ಹರಡಿಕೊಂಡು
ಕೆಟ್ಟದ್ದನ್ನು ಆರಿಸುತ್ತಾ. ಮೂವತ್ತೊಂದು ವರ್ಷದ ಕಸುಬು.
ಗೋಣಿಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ:
ಹೆಬ್ಬೆರಳು, ತೋರುಬೆರಳು, ನಡುವೆ ಸಿಕ್ಕಿದ್ದು.

ಬಹಳ ಹೊತ್ತು ನೋಡಿದಳು.
"ಅಯ್ಯೋ, ಇದು ನಾನೇ ಕಣೇ.
ಸೇರದ್ದನ್ನು ಹೆಕ್ಕಿ ಪಕ್ಕಕ್ಕಿಡುವುದು.
ಅದಕ್ಕೆ ಯಾರು ಹೇಳಿಕೊಟ್ಟರು, ಯಾವುದು ಸೇರದ್ದು ಅಂತ?"

ಎದುರಿಗೆ ಕೂತು ನಾನೂ ಆರಿಸತೊಡಗಿದೆ.
ಮೂರು ಒಳ್ಳೇ ಬೀಜ ಕೆಟ್ಟದ್ದೆಂದು ಎಸೆದೆ.
ಅವಳು ಮಾತಾಡದೆ, ಒಂದೊಂದಾಗಿ,
ವಾಪಸು ಹಾಕಿದಳು.